ಬಳೆಗಾರ್ತಿ ಹೇಳಿದ ಸುದ್ದಿ

ನಿಜಾಮನ ಕಾಲದ ಕೊಪ್ಪಳ. ನಮ್ಮ ಮನೆಯ ಎದುರು ಸರಕಾರಿ ಹೂದೋಟ, ಅದರ ಬಾಗಿಲಲ್ಲಿ ಒಬ್ಬ ಬಳೆಗಾರ್ತಿ. ಬಿಗಿ ಬಳೆ ಏರಿಸುವಾಗ ತೊಡುವವರ ಕೈನೋವು ಮರೆಸಲೆಂದು ಓಣಿಯ ಸುದ್ದಿ ಹೇಳುವಳು. ಯಾರ ಎಮ್ಮೆ ಈದಿತು, ಯಾರ ಸೊಸೆ ಮುನಿದಳು, ಎಲ್ಲ ಹೇಳಿ "ನಾ ಹೇಳೀನಂತ ಅನಬ್ಯಾಡ್ರವ್ವ" ಎನ್ನುವಳು.

ನನ್ನ ಬಿರುಸು ಬಾಯಿಂದಾಗಿ ಎರಡು ಮದುವೆ ಸಂಬಂಧ ತಪ್ಪಿದ್ದವು. ಮೂರನೆಯದು ಕುಷ್ಟಗಿಯದು. ಹುಡುಗನ ತಾಯಿ ನಮ್ಮ ಮನೆಗೆ ಬರುವ ಮೊದಲು ಬಳೆಗಾರ್ತಿಗೇ ಕೈ ಚಾಚಿ, ಎದುರು ಮನೆಯ ಹುಡುಗಿ ಹೇಗೆಂದು ಕೇಳಿದಳು. ನಮ್ಮ ಮನೆಯ ಬಾಗಿಲ ಮರೆಯಲ್ಲಿ ನಾನೂ ಅವ್ವನೂ ಕಿವಿಗೊಟ್ಟು ನಿಂತೆವು. ಅವ್ವ ದೇವರನ್ನು ನೆನೆದಳು.

"ಭಾಳ ಜಗಳಗಂಟಿ ಅದಾಳ್ರಿ," ಎಂದಳು ಬಳೆಗಾರ್ತಿ. "ಮೊನ್ನಿ ಬಾವಿಕಟ್ಟಿ ಮ್ಯಾಲ ನಡುವ ನುಗ್ಗಿದ ಸಾವಕಾರರ ಸೊಸಿನ್ನ ಹಿಂದ ಸರಿಸಿ ಪಾಳಿಗೆ ನಿಲ್ಲಿಸ್ಯಾಳ."

ಅವ್ವ ಹಣೆ ಬಡಿದುಕೊಂಡಳು. ಹುಡುಗನ ತಾಯಿ ನಕ್ಕಳು.

"ನಮ್ಮೂರ ಬಾವ್ಯಾಗ ನನ್ನ ಕೊಡಾ ಯಾವಾಗ್ಲೂ ಕಡೀಗೇ ತುಂಬತೈತಿ. ನನಗ ಇಂಥಾ ಸೊಸೀನ ಬೇಕು."