ಡಿಂಗಲ್ ದಾರಿಯಲ್ಲಿ ಒಂದು ವಿಭೂತಿ ಡಬ್ಬಿ

ಸಿಂಗಪುರದ ಚಾಂಗಿ ನಿಲ್ದಾಣದಿಂದ ವಿಮಾನ ಏರುವಾಗ ನನಗೆ ಐರ್ಲೆಂಡಿನ ಮೇಲೆ ದ್ವೇಷವೇನೂ ಇರಲಿಲ್ಲ, ಇದ್ದದ್ದು ಅನುಮಾನ. ಡಿಂಗಲ್ ಎಂಬ ಊರಿಗೆ ಮೂರು ದಿನದ ಕಾಲ್ನಡಿಗೆ. ನಾನೂ ನನ್ನ ಹೆಂಡತಿ ಶಾಂತಾಳೂ ಹೊಲಗಳ ನಡುವೆ ನಡೆಯಬೇಕು; ನಮ್ಮ ಸೂಟ್‌ಕೇಸನ್ನು ಯಾರೋ ಒಬ್ಬ ವ್ಯಾನಿನಲ್ಲಿ ಮುಂದಿನ ಊರಿಗೆ ಒಯ್ಯುತ್ತಾನೆ. ಸೆಂಗ್‌ಕಾಂಗ್‌ನ ನಮ್ಮ ಫ್ಲ್ಯಾಟಿನಲ್ಲಿ ಒಂದು ಲಕೋಟೆ ಕೊಡುವುದಕ್ಕೂ ಸಹಿ ಹಾಕಿಸಿಕೊಳ್ಳುತ್ತಾರೆ.

ಡಬ್ಲಿನ್ನಿನಿಂದ ರೈಲಿನಲ್ಲಿ ನಾಲ್ಕು ಗಂಟೆ, ಕಿಟಕಿಯುದ್ದಕ್ಕೂ ಅರ್ಧ ಕಟ್ಟಿದ ಹೊಸ ಮನೆಗಳು. ಟ್ರಲೀಯಲ್ಲಿ ಇಳಿದಾಗ ಮಳೆ. ಮರುದಿನ ಬೆಳಿಗ್ಗೆ ವ್ಯಾನಿನ ಮೈಕೆಲ್ ಬಂದ. ಅರವತ್ತರ ಆಸುಪಾಸು, ಕೆಂಪು ಕೆನ್ನೆ, ಅತಿಯಾದ ನಗು.

"ರಶೀದಿ?" ಎಂದೆ.

"ಪೆಟ್ಟಿಗೆ ನಿಮ್ದು ಅಂತ ನಿಮಗೂ ಗೊತ್ತು, ನಂಗೂ ಗೊತ್ತು. ಕಾಗದಕ್ಕೆ ಯಾಕೆ ಹೇಳ್ಬೇಕು?" ಎಂದ.

ಬ್ಯಾಂಕಿನ ತಪಾಸಣೆ ವಿಭಾಗದಲ್ಲಿ ಇಪ್ಪತ್ತು ವರ್ಷ ಸವೆಸಿದವನಿಗೆ ಹೇಳುವ ಮಾತೇ ಇದು? ಸೂಟ್‌ಕೇಸಿನ ಜಿಪ್ಪಿಗೆ ನಾನು ಮುಂಚೆಯೇ ಕೆಂಪು ದಾರ ಬಿಗಿದು ಸ್ವಂತದ ಗಂಟು ಹಾಕಿದ್ದೆ.

ಮೊದಲ ದಿನ ಕ್ಯಾಂಪ್ ಎಂಬ ಹಳ್ಳಿಗೆ ಹದಿನೆಂಟು ಕಿಲೋಮೀಟರ್. ಕೆಸರು, ಕುರಿ, ಮತ್ತೆ ಕೆಸರು. ಸಂಜೆ ಹೋಗಿ ನೋಡಿದರೆ ಸೂಟ್‌ಕೇಸು ನಮ್ಮ ವಸತಿಮನೆಯ ಬಾಗಿಲ ಹೊರಗೆ ಅನಾಥವಾಗಿ ನಿಂತಿತ್ತು. ಕೆಂಪು ದಾರ ಬಿಚ್ಚಿತ್ತು. ನಾನು ಯಾರಿಗೂ ಹೇಳಲಿಲ್ಲ. ತನಿಖೆಯ ಮೊದಲ ನಿಯಮ ಮೌನ.

ಸೂಟ್‌ಕೇಸಿನೊಳಗೆ ಶಾಂತಾಳ ವಿಭೂತಿ ಡಬ್ಬಿ ಇತ್ತು. ಮಿಂದು, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸದೆ ಅವಳು ಬೆಳಿಗ್ಗೆಯಾಗಲಿ ಸಂಜೆಯಾಗಲಿ ಒಂದು ತುತ್ತು ಮುಟ್ಟುವವಳಲ್ಲ. ಬಾಗಲಕೋಟೆಯಿಂದ ತಂದ ಆ ವಿಭೂತಿ ಗಟ್ಟಿ ಕಳೆದರೆ ಐರ್ಲೆಂಡಿನಲ್ಲಿ ಇನ್ನೊಂದು ಎಲ್ಲಿ ಸಿಗಬೇಕು? ಎರಡನೆಯ ದಿನ ಅವಳ ಪೂಜೆ ಮುಗಿದ ಮೇಲೆ, ಗುಟ್ಟಾಗಿ ಡಬ್ಬಿಯನ್ನು ನನ್ನ ಕೈಚೀಲಕ್ಕೆ ಸೇರಿಸಿದೆ.

ಇಂಚ್ ಕಡಲತೀರದಲ್ಲಿ ಬ್ರೆಡ್ಡಿಗೆ ಅಗಸಿ ಚಟ್ನಿಪುಡಿ ಹಚ್ಚಿ ತಿಂದು ಮುಂದೆ ನಡೆದೆವು. ಒಂದು ಒಂಟಿಮನೆಯ ಮುಂದೆ ಮೈಕೆಲ್‌ನ ವ್ಯಾನು! ಹಿಂಬಾಗಿಲು ತೆರೆದಿತ್ತು; ಆತ ಬೆನ್ನ ಮೇಲೆ ಮೂಟೆ ಹೊತ್ತು ಒಳಗೆ ಹೋಗುತ್ತಿದ್ದ. ನಾನು ಕಲ್ಲಿನ ಗೋಡೆಯ ಮರೆಗೆ ನಿಂತು, ಚೀಲವನ್ನು ಗೋಡೆಯ ಮೇಲಿಟ್ಟು, ನೋಟ್‌ಬುಕ್ಕಿನಲ್ಲಿ ವ್ಯಾನಿನ ನಂಬರ್ ಬರೆದು, ಕೆಳಗೆ ಇಂಗ್ಲಿಷಿನಲ್ಲಿ 'ಮೂಟೆ ಸಾಗಣೆ' ಎಂದು ದಾಖಲಿಸಿ, ಪುಸ್ತಕವನ್ನು ಚೀಲಕ್ಕೆ ಹಾಕಿದೆ. ಅಷ್ಟರಲ್ಲಿ ಮಳೆ ಸುರಿಯಿತು.

"ರೀ, ಗ್ವಾಡಿ ಮರೀಗೆ ಏನ್ ಮಾಡಾಕತ್ತೀರಿ? ಲಗೂನ ಬರ್ರಿ!" ಎಂದು ಶಾಂತಾ ಮುಂದಿನಿಂದ ಕೂಗಿದಳು. ಓಡಿದೆ.

ಆನಸ್ಕಾಲ್ ಊರಿನ ಕೋಣೆಯಲ್ಲಿ ಅವಳು ಸ್ನಾನ ಮಾಡಿ ಬಂದು ಸೂಟ್‌ಕೇಸು ತಡಕಾಡಿದಳು. "ಡಬ್ಬಿ ಎಲ್ಲೈತ್ರಿ?"

ಒಪ್ಪಿಕೊಂಡೆ. ಚೀಲ ಇನ್ನೂ ಆ ಗೋಡೆಯ ಮೇಲಿತ್ತು.

"ಹೋಗಿ ಉಣ್ರಿ ನೀವು," ಎಂದಳು. ಬೈಯಲಿಲ್ಲ. ಒದ್ದೆ ತಲೆಯಲ್ಲೇ ಕಿಟಕಿಯ ಕಡೆ ತಿರುಗಿ ಕೂತಳು. ಹದಿನೇಳು ಕಿಲೋಮೀಟರ್ ನಡೆದು ಬಂದವಳು. ಕೆಳಗಿನಿಂದ ಆಲೂಗಡ್ಡೆ ಸೂಪಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು.

ಮತ್ತೆ ಬೂಟು ಹಾಕಿಕೊಂಡು ಬಾಗಿಲು ತೆರೆದೆ. ಎದುರಿಗೆ ಮೈಕೆಲ್, ತೊಟ್ಟಿಕ್ಕುವ ಟೋಪಿ, ಕೈಯಲ್ಲಿ ನನ್ನ ಚೀಲ.

"ಆ ಮನೆ ಅಜ್ಜಿಗೆ ಒಲೆ ಉರಿಸೋಕೆ ಕಲ್ಲಿದ್ದಲು ಹಾಕಿ ಬಂದಿದ್ದೆ. ಆಮೇಲೆ ಗೋಡೆ ಮೇಲೆ ಈ ಚೀಲ ನೋಡಿದ್ಲಂತೆ. ಹೆಸರಿಲ್ಲ, ವಿಳಾಸ ಇಲ್ಲ. ಪುಸ್ತಕದಲ್ಲಿ ನನ್ನ ವ್ಯಾನ್ ನಂಬರ್, ಕೆಳಗೆ ಮೂಟೆ ಸಾಗಣೆ ಅಂತ ಇತ್ತಲ್ಲ, ನಂದೇ ಇರ್ಬೇಕು ಅಂತ ಫೋನ್ ಮಾಡಿದ್ಲು. ರಶೀದಿ ಕೇಳಿದ ನಿಮ್ದೇ ಅಂತ ನಂಗೆ ಗೊತ್ತಾಯ್ತು." ಪುಸ್ತಕ ತೆರೆದು ತೋರಿಸಿದ: "ಕೊನೇ ಅಂಕೆ ಆರಲ್ಲ, ಎಂಟು. ತಿದ್ದಿದ್ದೀನಿ."

ಚೀಲದಿಂದ ಡಬ್ಬಿ ತೆಗೆದು ಶಾಂತಾಳ ಕೈಗೆ ಕೊಟ್ಟೆ.

ಶಾಂತಾ ಪೂಜೆ ಮುಗಿಸಿ, ಹಣೆಯಲ್ಲಿ ಮೂರು ಬಿಳಿ ಗೆರೆ ಹೊತ್ತು ಇಳಿದು ಬಂದು ಎರಡು ಬಟ್ಟಲು ಸೂಪು ಕುಡಿದಳು. ಸೂಪಿನಲ್ಲಿ ಮಾಂಸವಿಲ್ಲವೆಂದು ನಾನು ಮನೆಯೊಡತಿಯಿಂದ ಮೂರು ಸಲ ಹೇಳಿಸಿದ್ದೆ. ಆಮೇಲೆ ದಾರದ ಕಥೆಯನ್ನೂ ಬಿಚ್ಚಿಟ್ಟೆ.

"ಅಯ್ಯ, ಅದನ್ನ ಬಿಚ್ಚಿದಾಕಿ ನಾನs! ಆವತ್ತ ವ್ಯಾನ್ ಬರೂಕಿಂತ ಮೊದಲ ತಲಿ ಬಾಚ್ಕೊಳ್ಳಾಕ ಹಣಿಗಿ ಬೇಕಾಗಿತ್ತು."

ಮೂರನೆಯ ದಿನ ಡಿಂಗಲ್ ತನಕ ಇಪ್ಪತ್ತೆರಡು ಕಿಲೋಮೀಟರ್. ಸೂಟ್‌ಕೇಸು, ಡಬ್ಬಿ ಎರಡೂ ವ್ಯಾನಿನಲ್ಲಿ ಹೋದವು, ದಾರವಿಲ್ಲದೆ.

ಮರಳಿ ಬಂದಾಗ ಚಾಂಗಿಯಲ್ಲಿ ಸುಂಕದ ಅಧಿಕಾರಿ ಡಬ್ಬಿ ತೆರೆಸಿ ಬಿಳಿ ಗಟ್ಟಿಯನ್ನೂ ನನ್ನನ್ನೂ ಬಹಳ ಹೊತ್ತು ನೋಡಿದ. "ಇದೇನು ಅಂಕಲ್?" ನಾನು ಶಾಂತಾಳ ಹಣೆ ತೋರಿಸಿದೆ. ಆತ ಪಾಸ್‌ಪೋರ್ಟ್ ನಂಬರನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡ. ನಾನು ಬಗ್ಗಿ ನೋಡಿದೆ, ಅಂಕೆಗಳೆಲ್ಲ ಸರಿಯಾಗಿದ್ದವು.