ಬೀರಲಿಂಗಪ್ಪ ಕತ್ತರಿಸಿದ ಕಂಬಳಿ ಅಂಚು

ಅಲ್ಲವ್ವಾ, ಪೇಪರಿಗೆ ಬರಿಯಾಕ ಬಂದಾಕಿ, ಬರೇ ‘ವಿಜ್ಞಾನಿ’ ಅಂತ ಬರಕೊಂಡ್ರ ಹ್ಯಾಂಗ? ನನ್ನ ಮೊಮ್ಮಗ ಬೀರಲಿಂಗಪ್ಪ ಹಟ್ಟಿಗೆ ಯಾರರ ಬಂದ್ರ ಕುರಿ ಹಿಂದ ಅಡಗತಿದ್ದ, ಅದನ್ನೂ ಬರಿ. ಹೆಸರು ಕೇಳಿದ್ರ ಕುರಿಯೇ ಹೇಳಬೇಕು, ಇವ ಹೇಳಾವಲ್ಲ. ಮಕ್ತಲ್‌ದಾಗ ಓದಿದ, ಹೈದರಾಬಾದದಾಗ ಓದಿದ, ಆಮ್ಯಾಲ ಗದ್ವಾಲದಾಗ ಖೋಲಿ ಹಿಡಿದು ಕರಿ ಕುರಿ ಉಣ್ಣೆ ಮ್ಯಾಲ ಸಂಶೋಧನಾ ಮಾಡಾಕ ಕುಂತ. ಇಂಥಾ ಉಣ್ಣೆ ಬ್ಯಾರೆ ಎಲ್ಲೂ ಇಲ್ಲ ಅಂತ ತೋರಿಸಬೇಕು, ದೊಡ್ಡ ಪತ್ರಿಕ್ಯಾಗ ಹೆಸರು ಬರಬೇಕು, ಅದೇ ಹುಚ್ಚು.

ಉಣ್ಣೆ ತರಾಕ ಉಟ್ಕೂರಿಗೆ ಹೋಗತಿದ್ದ, ಕಂಬಳಿ ನೇಯೋ ಲಕ್ಷ್ಮಯ್ಯನ ಮನಿಗೆ. ಲಕ್ಷ್ಮಯ್ಯನ ಮಗಳು ಮಲ್ಲೇಶ್ವರಿ. ಆಕಿ ಮುಂದ ಮಾತ್ರ ಇವಗ ಬಾಯಿ ಬರತಿತ್ತು. ಆಕಿ ತಾನೇ ನೂತು, ಅಪ್ಪನ ಕೈಲೆ ನೇಸಿ, ಇವಗೊಂದು ಕಂಬಳಿ ಕಳಿಸಿದ್ಲು. ನಮ್ಮಾಗ ಹುಡುಗಿ ಕಂಬಳಿ ಕಳಿಸಿದ್ಲಂದ್ರ ಮದುವ್ಯಾಗ ಅದನ್ನೇ ಹಾಸಿ ಇಬ್ಬರೂ ಕುಂದರಬೇಕಂತ ಅರ್ಥ. ಅಂಚು ಕತ್ತರಿಸಿದ್ದು ಹಾಸಂಗಿಲ್ಲ. ಇವಗ ಗೊತ್ತಿಲ್ಲಂತಲ್ಲ. ಆದ್ರ ಅಷ್ಟು ಕರಿ ಎಳಿ ಎಂದೂ ನೋಡಿರಲಿಲ್ಲಂತ. ಕತ್ತರಿ ತಗೊಂಡ, ಅಂಚು ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟ!

ಗದ್ವಾಲಕ್ಕ ಹೋದ ಲಕ್ಷ್ಮಯ್ಯ ಅದನ್ನ ಕಣ್ಣಾರೆ ಕಂಡು, “ಒಲ್ಲೆ ಅಂದ್ಹಾಂಗಾತು” ಅಂತ ಮನಿಗೆ ಬಂದ. ಮಲ್ಲೇಶ್ವರಿ ಸುಮ್ಮನಿರಲಿಲ್ಲ, ನನ್ನ ಕರಕೊಂಡು ಗದ್ವಾಲದ ಬಸ್ ಹತ್ತಿದ್ಲು. ನಾ ನಾರಾಯಣಪೇಟ ಸೀರಿ ಉಟ್ಟಿದ್ದೆ, ಸೆರಗಿಗೆ ಬಸ್ಸಿನ ಮೊಳಿ ತಾಗಿ ಹರೀತು, ಇರಲಿ ಬಿಡು.

“ಅಂಚು ಯಾಕ ಕತ್ತರಿಸಿದ್ರಿ?” ಅವನ ಖೋಲಿ ಬಾಗಿಲಾಗ ನಿಂತು ಕೇಳಿದ್ಲು.

“ಎಳಿ ನೋಡಾಕ...”

“ಕೇಳಿದ್ರ ಒಂದು ಮೂಟಿ ಉಣ್ಣೆ ಕೊಡತಿದ್ದಿಲ್ಲೇನ್ರಿ! ನನ್ನ ನೋಡಾಕೂ ಆ ಮಿಷಿನ್ ಬೇಕೇನು?”

ನಾ ನಕ್ಕೆ. ಅವ ನೆಲಾ ನೋಡಿದ.

“ಹೋಗ್ಲಿ, ಬ್ಯಾರೆ ಕಂಬಳಿ ನೇಸತೀನಿ. ಅಪ್ಪನ ಮುಂದ ಬಂದು ಒಂದು ಮಾತು ಹೇಳ್ರಿ, ಸಾಕು.”

“ಈ ಬರವಣಿಗಿ ಮುಗೀಲಿ, ಬರತೀನಿ.”

ಒಂದು ವರ್ಷ ಕಾದ್ಲು. ಇವ ಎರಡು ಸಲ ಹೊಂಟಿದ್ದನಂತ, ಮಕ್ತಲ್‌ದಾಗ ಇಳಿದು ವಾಪಸ್ ಹೋದ. ಒಬ್ಬನೇ ಇದ್ರ ಚಲೋ ಅನಸತಿತ್ತಂತ, ಆಕಿ ನೆನಪಾದ್ರ ಕೂಳು ಇಳೀತಿದ್ದಿಲ್ಲಂತ.

ತೆಲಂಗಾಣ ಬ್ಯಾರೆ ರಾಜ್ಯ ಆದ ದಿನ ಊರತುಂಬ ಪಟಾಕಿ, ಗುಲಾಲು. ಇವ ಕಿಟಕಿ ಮುಚ್ಚಿಕೊಂಡು ಬರಕೋತ ಕುಂತಿದ್ದ. ಅದೇ ವಾರ ಮಲ್ಲೇಶ್ವರಿನ್ನ ಮರಿಕಲ್‌ಗೆ ಮದುವಿ ಮಾಡಿ ಕೊಟ್ರು.

ಮುಂದಿನ ತಿಂಗಳು ಬರವಣಿಗಿ ಅಚ್ಚಾತು. ತಂದು ನನ್ನ ಮುಂದ ಹಿಡಿದ.

“ಅಜ್ಜೀ, ಆಕಿ ಹೆಸರು ಹಾಕೀನಿ.”

ಕೊನೀ ಪುಟದಾಗ, ಇರುವಿಯಷ್ಟು ಸಣ್ಣ ಅಕ್ಷರ. ನನಗೆಲ್ಲಿ ಇಂಗ್ಲಿಷ್ ಬರತೈತಿ? ಅವನ ಬೆರಳು ಇದ್ದಲ್ಲಿ ನೋಡಿದೆ.

“ಆಕಿಗೆ ಹೇಳಿದ್ಯೇನಪ್ಪಾ?”

ಇಲ್ಲಂತ ತಲಿ ಅಲ್ಲಾಡಿಸಿದ.

ಈಗೂ ಗದ್ವಾಲದಾಗ ಒಬ್ಬನೇ ಅದಾನ. ನೀ ನಾಳೆ ಆ ಕಡೆ ಹೊಂಟೀಯಲ್ಲ, ಈ ರೊಟ್ಟಿ ಗಂಟು ಒಯ್ಯವ್ವಾ. ಬಾಗಿಲಾಗ ಇಟ್ಟು ಬರಬ್ಯಾಡ, ಹಾಂಗೇ ಬಿಟ್ಟುಬಿಡತಾನ. ಒಳಗ ಹೋಗು. ಏನೂ ಕೇಳಬ್ಯಾಡ, ಅವ ಉಣ್ಣೋತನ ಎದುರಿಗೆ ಕುಂತಿರು.