ತಿಪ್ಪೆಗುಂಡಿಯೊಳಗಿದ್ದ ಮಾಲಿಬ್ಡಿನಂ

ತೊಂಬತ್ತರ ದಶಕದ ಆರಂಭದಲ್ಲಿ ನಾನು ಭೂವಿಜ್ಞಾನಿಯಾಗಿ ಕೆಲಸಕ್ಕೆ ಸೇರಿದಾಗ ಸಿಕ್ಕ ಮೊದಲ ಕ್ಯಾಂಪು ನಾಗಮಂಗಲದ ಕಡೆಯದು. ಗಂಜಾಂನಲ್ಲಿದ್ದ ನಮ್ಮ ಮನೆಗೆ ವಾರಕ್ಕೊಮ್ಮೆ ಬಂದುಹೋಗಬಹುದು ಎಂದು ಅಮ್ಮನಿಗೆ ಸಂತೋಷ. ನನಗೆ ಮಾತ್ರ ನಿರಾಸೆ. ಹಿಮಾಲಯದ ಕನಸು ಕಂಡವಳು ನೆಂಟರೂರಿನ ಬಾರೆ, ದಿಬ್ಬ ಹತ್ತಬೇಕಿತ್ತು.

ಕೆಲಸ ಇಷ್ಟೇ. ನಾನು ಹುಟ್ಟುವ ಮೊದಲೇ ಯಾರೋ ಸರ್ವೆ ಮಾಡಿ, ಅಲ್ಲೊಂದು ಇಳಿಜಾರಿನಲ್ಲಿ ಕಂದಕ ತೋಡಿಸಿ, ತಾಮ್ರದ ಜೊತೆಗೆ ಮಾಲಿಬ್ಡಿನಂ ಇರುವ ಕಲ್ಲು ಕಂಡಿತೆಂದು ವರದಿ ಬರೆದಿದ್ದರು. ಉಕ್ಕಿಗೆ ಬೆರೆಸಿದರೆ ಅದನ್ನು ಗಟ್ಟಿ ಮಾಡುವ ಲೋಹ ಅದು. ನಾವು ಆ ಕಂದಕ ಹುಡುಕಿ, ಕಲ್ಲು ಪರೀಕ್ಷಿಸಿ, ಭರವಸೆ ಕಂಡರೆ ಯಂತ್ರ ತರಿಸಿ ಆಳಕ್ಕೆ ಕೊರೆಸಬೇಕಿತ್ತು. ಮೂರು ದಿನ ಸುತ್ತಿದೆವು. ನಕ್ಷೆಯಲ್ಲಿದ್ದ ಗಾಡಿದಾರಿ ಹೊಲವಾಗಿತ್ತು, ಗುರುತಿಗೆ ಬರೆದಿದ್ದ ಆಲದ ಮರ ಇರಲೇ ಇಲ್ಲ.

ನಾಲ್ಕನೆಯ ದಿನ ನಮ್ಮ ಸಾಹೇಬರು ಜೀಪು ರಿಪೇರಿಗೆಂದು ಕೆ.ಆರ್. ಪೇಟೆಗೆ ಹೋದರು. ನಾನು ಹುಣಸೆ ಮರದಡಿ ನಕ್ಷೆ ಹರಡಿಕೊಂಡು ಕೂತಿದ್ದೆ. ಎಮ್ಮೆ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ಹತ್ತಿರ ಬಂದು, "ಏನವ್ವಾ ಮೂರ್ ದಿನದಿಂದ ಉಡುಕ್ತಾ ಇದ್ದೀರಿ?" ಎಂದರು.

"ಹಳೇ ಕಂದಕ ಅಜ್ಜಿ. ಕಲ್ಲು ನೋಡೋಕೆ ಯಾರೋ ತೋಡಿಸಿದ್ರಂತೆ."

"ಅದಾ? ನಾನೇ ಮಣ್ಣು ಒತ್ತಿದ್ದು ಕಣವ್ವ. ಮದ್ವೆಯಾಗಿ ಒಸದಾಗಿ ಬಂದಿದ್ದೆ. ಈಗ ಅದು ನಮ್ಮ ತಿಪ್ಪೆಗುಂಡಿ."

ಓಡಿದೆ. ಹೊಲದ ಮೂಲೆಯಲ್ಲಿ ಉದ್ದನೆಯ ಗುಂಡಿ, ಬಾಯಿಮಟ್ಟ ಗೊಬ್ಬರ. ಅಜ್ಜಿ ಷರತ್ತು ಹಾಕಿಯೇಬಿಟ್ಟರು: "ಗೊಬ್ರನೆಲ್ಲ ಎತ್ತಿ ಒಲಕ್ಕೆ ಆಕ್ಬುಡಿ. ಆಮ್ಯಾಕೆ ಎಷ್ಟ್ ಬೇಕಾದ್ರೂ ನೋಡ್ಕಳಿ ನಿಮ್ ಕಲ್ಲ."

ಸಂಜೆ ಬಂದ ಸಾಹೇಬರಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನ ಗಡಿಯಾರ ಬಿಚ್ಚಿಟ್ಟು, ಪ್ಯಾಂಟು ಮಡಚಿ ತಾವೇ ಮೊದಲು ಗುಂಡಿಗಿಳಿದರು. ಕ್ಯಾಂಪಿನ ಆಳುಗಳು, ಅಜ್ಜಿಯ ಇಬ್ಬರು ಗಂಡುಮಕ್ಕಳು, ಒಂದು ಎತ್ತಿನಗಾಡಿ, ಜೊತೆಗೆ ನಾನು. ಎರಡು ದಿನ ಹಿಡಿಯಿತು. ಆ ಭಾನುವಾರ ಅಮ್ಮ ನನ್ನನ್ನು ಹಿತ್ತಲ ಬಾಗಿಲಿನಿಂದ ನೇರ ಬಚ್ಚಲಿಗೆ ಅಟ್ಟಿದಳು.

ಸೋಮವಾರ ತಳವನ್ನು ನೀರು ಹುಯ್ದು ತೊಳೆದಾಗ ಬಿಳಿ ಬೆಣಚುಕಲ್ಲಿನ ಗೇಣಗಲದ ಪಟ್ಟಿ ಕಂಡಿತು. ಅಂಚಿನಲ್ಲಿ ತಾಮ್ರದ ಹಸಿರು ಕಲೆ, ನಡುನಡುವೆ ಮಿರುಗುವ ಬೂದು ಹಾಳೆಗಳು.

"ಪೆನ್ಸಿಲ್ಲಿನ ಸೀಸವೂ ಇದೇ ಥರ ಇರುತ್ತೆ ಕಣ್ರೀ, ಈಗಲೇ ಕುಣೀಬೇಡಿ" ಎಂದರು ಸಾಹೇಬರು.

ಒಡೆದ ಪಿಂಗಾಣಿ ಬಸಿಯ ಚೂರಿನ ಮೇಲೆ ಆ ಕಲ್ಲನ್ನು ಉಜ್ಜಿದೆ. ಗೀರು ಬೂದಾಗಿತ್ತು. ಇನ್ನಷ್ಟು ಉಜ್ಜಿದಾಗ ತೆಳು ಹಸಿರಿಗೆ ತಿರುಗಿತು. ಪೆನ್ಸಿಲ್ಲಿನ ಸೀಸ ಹಾಗೆ ತಿರುಗುವುದಿಲ್ಲ, ಮಾಲಿಬ್ಡಿನಂ ಇರುವ ಕಲ್ಲು ತಿರುಗುತ್ತದೆ. ನಾನು ಕಿರುಚಿಯೇಬಿಟ್ಟೆ.

"ಆವತ್ತಿನ ಸಾಹೇಬ್ರೂ ಇಂಗೇ ಕುಣುದ್ರು" ಎಂದು ಅಜ್ಜಿ ಮಕ್ಕಳ ಕಡೆ ತಿರುಗಿ ನಕ್ಕರು.

ರಾಗಿ ಕಟಾವಾದ ಮೇಲೆ ಕೊರೆಯುವ ಯಂತ್ರ ಬಂತು. ಒಳಗಿನಿಂದ ಬಂದ ಉದ್ದುದ್ದ ಕಲ್ಲಿನ ತುಂಡುಗಳನ್ನು ಮರದ ಪೆಟ್ಟಿಗೆಗಳಲ್ಲಿ ಜೋಡಿಸಿ ದಿನವೂ ನೋಡುತ್ತಿದ್ದೆ. ಮೇಲೆ ಗೇಣಗಲವಿದ್ದ ಬೆಣಚಿನ ಪಟ್ಟಿ ಕೆಳಗೆ ಬೆರಳಗಲವಾಯಿತು, ಆಮೇಲೆ ದಾರದಷ್ಟಾಯಿತು, ಕೊನೆಗೆ ಬರೀ ಕಗ್ಗಲ್ಲು. ಎರಡನೆಯ ಕಡೆ ಕೊರೆದರೂ ಅದೇ ಕಥೆ. ಲೋಹ ಇದೆ, ಗಣಿ ಮಾಡುವಷ್ಟಿಲ್ಲ ಎಂದು ವರದಿ ಬರೆದೆ. ಮನಸ್ಸು ಭಾರವಾಗಿತ್ತು.

ಹೇಳಿ ಹೋಗೋಣವೆಂದು ಅಜ್ಜಿಯ ಮನೆಗೆ ಹೋದೆ. ಅವರಿಗೆ ಬೇಸರವೇನೂ ಆಗಲಿಲ್ಲ. "ಒಲ ಉಳ್ಕತಲ್ಲ, ಬುಡು" ಎಂದು ಬಿಸಿ ಮುದ್ದೆ, ಉಪ್ಪೆಸರು ಬಡಿಸಿದರು. ನಾನು ಉಣ್ಣುತ್ತಿದ್ದಾಗ, "ಕಂದ್ಕ ತೋರ್ಸಿದ್ದು ನಾನು ಅಂತ ಬರ್ದಿದ್ದೀಯೇನವ್ವಾ?" ಎಂದು ಕೇಳಿದರು.

ಬರೆದಿರಲಿಲ್ಲ. ಹಳೆಯ ವರದಿಯಲ್ಲೂ ಮಣ್ಣು ಹೊತ್ತ ಒಬ್ಬರ ಹೆಸರೂ ಇರಲಿಲ್ಲ.

ಮರುದಿನ ಕೊನೆಯ ಪುಟವನ್ನು ಮತ್ತೆ ಟೈಪು ಮಾಡಿಸಿ, ಅಜ್ಜಿಯ ಹೆಸರು, ಊರು ಸೇರಿಸಿದೆ. ಇದೆಲ್ಲ ವರದಿಗೇಕೆ ಎಂದು ಸಾಹೇಬರು ಹೊಡೆದುಹಾಕುತ್ತಾರೆಂದು ಹೆದರಿದ್ದೆ. ಅವರು ಓದಿದರು, ಪೆನ್ನು ತೆಗೆದರು. ಅಜ್ಜಿಯ ಹೆಸರಿನ ಮುಂದೆ "ಶ್ರೀಮತಿ" ಎಂದು ಬರೆದು ಸಹಿ ಹಾಕಿದರು.